ಎದುರಿಗೆ ಬಂದರೆ ಬಿಡದ ಭಾವ

ನಮ್ಮ ಭಾವ ದಿನಕ್ಕೆ ಹತ್ತು ಜನರನ್ನಾದರೂ ಕೊಲ್ಲದೆ ಮಧ್ಯಾಹ್ನದ ಊಟಕ್ಕೆ ಏಳುವುದಿಲ್ಲ. ಗಾಬರಿಯಾಗಬೇಡಿ! ಗಾಬರಿಯಾಗುವ ಕೆಲಸಕ್ಕೆ ನಮ್ಮ ಮನೆತನದಲ್ಲಿ ನಾನೊಬ್ಬ ಸಾಕು. ಕೊಲೆಗಳೆಲ್ಲ ನಡೆಯುವುದು ಲಕ್ಕೂರಿನ ಅಕ್ಕನ ಮನೆ ಜಗಲಿಯ ಮೇಲೆ, ಅಂಗೈಯಗಲದ ಮೊಬೈಲಿನೊಳಗೆ. ಪರದೆಯಲ್ಲಿ ಒಂದು ಬಂದೂಕು, ಅದನ್ನು ಹಿಡಿದ ಎರಡು ಕೈ, ಮುಂದೆ ಯಾರೋ ಪಾಪದವನು. ಅರವತ್ತಕ್ಕೆ ಹತ್ತಿರವಾದ ಭಾವ, ಇಲಿ ಸಿಕ್ಕಿಬಿದ್ದರೂ "ಹೋಗ್ಲಿ ಬಿಡೇ, ಅದಕ್ಕೂ ಮನೆಮಠ ಇರ್ತದೆ" ಎಂದು ಹಿತ್ತಲಿಗೆ ಬಿಟ್ಟು ಬರುವವರು, ಅಲ್ಲಿ ಮಾತ್ರ ತೆಲುಗಿನಲ್ಲಿ ಗುಡುಗುತ್ತಾರೆ: "ರಾರಾ ಬಯಟಿಕಿ!" ಬಾರೋ ಹೊರಗೆ ಎಂದು. ಸಂಸಾರಕ್ಕೆ ಕನ್ನಡ, ಯುದ್ಧಕ್ಕೆ ತೆಲುಗು!

ಈ ಹುಚ್ಚು ಅವರಿಗೆ ಹತ್ತಿದ್ದು ಕಣ್ಣು ಹೋಗಲು ಶುರುವಾದ ಮೇಲೆ. ಇದ್ಯಾವ ಸೀಮೆ ನ್ಯಾಯ ಅನ್ನುತ್ತೀರಾ? ನಾನೂ ಹಾಗೇ ಅಂದಿದ್ದೆ.

ಎರಡು ವರ್ಷದ ಹಿಂದೆ, ಕಟ್ಟಿದ್ದ ಹಸುವಿನ ಪಕ್ಕೆಗೆ ಹೋಗಿ ಭುಜ ಗುದ್ದಿಕೊಂಡರು. ಅಕ್ಕ ಬೈದಳು. ಭಾವ ಮಾತ್ರ "ಎದುರಿಗೆ ನಿಂತಿದ್ರೆ ಕಾಣ್ತಿರ್ಲಿಲ್ವಾ? ಪಕ್ಕದಲ್ಲಿ ನಿಂತಿದ್ದು ಅದರ ತಪ್ಪು" ಎಂದು ಹಸುವಿನ ಮೇಲೆಯೇ ಕೇಸು ಹಾಕಿದರು. ಆಮೇಲೆ ಒಂದು ಮದುವೆಯಲ್ಲಿ ನೆಂಟರೊಬ್ಬರು ಪಕ್ಕದಿಂದ ಕೈಮುಗಿದರೆ ಭಾವ ನೆಟ್ಟಗೆ ನಡೆದೇಬಿಟ್ಟರು. "ಏನಮ್ಮ, ನಿಮ್ಮೆಜಮಾನ್ರಿಗೆ ಈಗೀಗ ಭಾರಿ ಗತ್ತು?" ಎಂದು ನೆಂಟರು ಊಟಕ್ಕೂ ನಿಲ್ಲಲಿಲ್ಲ.

ಕೋಲಾರದ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು: ಕಣ್ಣಿನ ನರ ಒಣಗುತ್ತಿದೆ, ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ. ಎದುರಿಗೊಂದು ಕಿಂಡಿಯಷ್ಟು ಉಳಿದಿದೆ. ಡ್ರಾಪ್ಸ್ ಹಾಕಿಕೊಂಡು ಆ ಕಿಂಡಿಯನ್ನಾದರೂ ಉಳಿಸಿಕೊಳ್ಳಬೇಕು. ಅಕ್ಕ ಅವತ್ತೇ ಬೈಕಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಭಾವ ಮದುವೆಮನೆ ಬಿಟ್ಟರು, ಟೀ ಅಂಗಡಿ ಬಿಟ್ಟರು, ಜಗಲಿ ಹಿಡಿದರು.

ಆಗ ಶುರುವಾಯಿತು ಗುಂಡಿನ ಸದ್ದು. ನಾನು ಮಾಲೂರಿನಿಂದ ಉಪದೇಶದ ಗಂಟು ಹೊತ್ತು ಬಂದೆ.

"ಭಾವ, ಇರೋ ಕಣ್ಣನ್ನೂ ಕಳ್ಕೊಳ್ತೀರಾ!"

"ಡಾಕ್ಟ್ರನ್ನ ಕೇಳಿದೀನಿ ಕಣೋ. ಅದಕ್ಕೂ ಇದಕ್ಕೂ ಸಂಬಂಧ ಇಲ್ವಂತೆ. ಬಾಯಿ ಮುಚ್ಕೊಂಡು ಒಂದು ಕೈ ಆಡು."

ಆಡಿದೆ. ಅರ್ಧ ನಿಮಿಷಕ್ಕೆ ಸತ್ತೆ.

"ಲೇ ಬಾಮೈದ, ಗೋಡೆ ನಿಂಗೇನು ಮಾಡಿತ್ತಲಾ? ಅದಕ್ಯಾಕೆ ಅಷ್ಟು ಗುಂಡು ಹೊಡೆದೆ?"

"ಯಾರೋ ಪಕ್ಕದಿಂದ ಬಂದ ಭಾವ, ನಂಗೆ ಕಾಣ್ಲೇ ಇಲ್ಲ!"

ಭಾವ ನಕ್ಕರು. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ! "ಕಾಣಲ್ಲ. ಯಾವನಿಗೂ ಕಾಣಲ್ಲ. ಇದರೊಳಗೆ ಎಲ್ಲಾರಿಗೂ ಎದುರಿಗಿರೋದಷ್ಟೇ. ಪಕ್ಕ ಬೇಕು ಅಂದ್ರೆ ಎಂಥಾ ಶೂರನಾದ್ರೂ ಪೂರ್ತಿ ತಿರುಗಲೇಬೇಕು. ಇಲ್ಲಿ ನಾನೂ ಅವರೂ ಒಂದೇ ಕಣೋ."

ಉಪದೇಶದ ಗಂಟನ್ನು ಮತ್ತೆ ಬಿಚ್ಚಲಿಲ್ಲ. ಹಾಗೇ ವಾಪಸು ತಂದೆ.

ಅಲ್ಲಿಂದಾಚೆಗೆ ಭಾನುವಾರಗಳಂದು ನಾನೇ ಅವರ ಸೈನ್ಯ. ನಾನು ಸಾಯುವುದು, ಅವರು ಗೆಲ್ಲುವುದು. ಅವರ ಕಿಂಡಿಯೊಳಗೆ ಆ ಪರದೆ ಪೂರ್ತಿ ಹಿಡಿಯುತ್ತಿತ್ತು.

ಮೊನ್ನೆ ಭಾನುವಾರ ಭಾವ ಸಾಲಾಗಿ ನಾಲ್ಕು ಸಲ ಸತ್ತರು. ನಾನೂ ಅಷ್ಟು ಬೇಗ ಸಾಯುವುದಿಲ್ಲ! ಗೇಲಿ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಅಂದರು:

"ಮೂಲೆಯಲ್ಲಿ, ಯಾರು ಎಲ್ಲಿದಾರೆ ಅಂತ ತೋರಿಸೋ ಮ್ಯಾಪ್ ಇರ್ತದಲ್ಲ, ಅದನ್ನ ನೋಡಿದ್ರೆ ಎದುರಿಗಿರೋನು ಕಾಣಲ್ಲ. ಅವನನ್ನ ನೋಡಿದ್ರೆ ಮ್ಯಾಪ್ ಕಾಣಲ್ಲ. ಹೋದ ತಿಂಗಳು ಎರಡೂ ಒಟ್ಟಿಗೆ ಕಾಣ್ತಿತ್ತು."

"ನಂಗೂ ಹಾಗೇ ಆಗ್ತದೆ ಭಾವ. ವಯಸ್ಸು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಅಕ್ಕಂಗೆ ಹೇಳ್ಬೇಡ."

ಅಕ್ಕ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಚಾಪೆಯ ಮೇಲೆ ಸರಿದು, ಅವರ ಭುಜಕ್ಕೆ ಭುಜ ತಾಗಿಸಿ ಕೂತೆ. "ಮ್ಯಾಪ್ ನಂಗೆ ಬಿಡಿ. ನೀವು ಮುಂದೆ ನೋಡಿ. ಬಲಕ್ಕೆ ಇಬ್ಬರು ಬರ್ತಿದಾರೆ, ತಿರುಗಿ ಭಾವ, ತಿರುಗಿ!"

ಭಾವ ತಿರುಗಿದರು. ಆಟದೊಳಗಲ್ಲ, ನನ್ನ ಕಡೆಗೆ. ಮೊಬೈಲನ್ನು ತೊಡೆಯ ಮೇಲಿಟ್ಟು, ಇಡೀ ಮುಖ ತಿರುಗಿಸಿ, ನನ್ನ ಹಣೆ, ಕಣ್ಣು, ಮೂಗು ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಮೀಸೆ ಯಾವಾಗ ಬೆಳ್ಳಗಾಯ್ತೋ ನಿಂದು?"

ತೊಡೆಯ ಮೇಲೆ ಗುಂಡು ಹಾರುತ್ತಲೇ ಇತ್ತು. ನಾನು ಮುಖ ಅಲ್ಲಾಡಿಸದೆ ಕೂತೆ.