ಹಿಂದವಾಡಿಯ ಗಿಟಾರಿನ ಗಿರಣಿ

ನನ್ನ ಗಿಟಾರಿನ ಆರೂ ತಂತಿಗಳ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳುತ್ತೇನೆ, ಇಲ್ಲಿ ಬರೆದದ್ದೆಲ್ಲ ಖರೇ. ಒಂದು ತಂತಿ ಕಡಿದಿದೆ, ಹೊಸದು ಹಾಕಿಲ್ಲ. ಉಳಿದ ಐದರ ಮೇಲಾದರೂ ನಂಬಿಕೆ ಇಡಿ. ಬೆಳಗಾವಿಯಿಂದ ಖಾನಾಪುರದವರೆಗೆ ನನ್ನಷ್ಟು ದೊಡ್ಡ ಗಿಟಾರ್ ವಾದಕ ಇನ್ನೊಬ್ಬನಿಲ್ಲ. ತೂಕದಲ್ಲಂತೂ ಇಲ್ಲವೇ ಇಲ್ಲ. ದೊಡ್ಡವರನ್ನೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ, ನಾನಾಗಿ ಕರೆಯುವುದಿಲ್ಲ.

ನಿವೃತ್ತನಾದ ಮೇಲೆ ಒಂದು ಡಿಜಿಟಲ್ ಪೆಟ್ಟಿಗೆ ಕೊಂಡೆ. ಗಿಟಾರಿನ ವಾಯರನ್ನು ಅದಕ್ಕೆ ಸಿಕ್ಕಿಸಿ, ಕಾಲಿನಿಂದ ಗುಂಡಿ ಒತ್ತಿದರೆ ಗಿಟಾರಿನ ದನಿ ಬದಲಾಗುತ್ತದೆ. ಒಂದೊಂದು ಗುಂಡಿಯ ದನಿಗೆ ‘ಪ್ಯಾಚ್’ ಎನ್ನುತ್ತಾರೆ, ಆ ದನಿಯ ಗುಣಕ್ಕೆ ‘ಟೋನ್’ ಎನ್ನುತ್ತಾರೆ. ಈ ಎರಡು ಶಬ್ದ ನೆನಪಿಡಿ. ನನ್ನ ಮಾನ ಹೋದದ್ದು ಇವುಗಳಿಂದಲೇ.

ಅದೇ ಹೊತ್ತಿಗೆ ಖಾನಾಪುರದ ನನ್ನ ತಂಗಿಯ ಮಗಳು ತವರಿನಲ್ಲಿ ಗಂಡು ಹಡೆದಿದ್ದಳು. “ಮಾಮಾ, ತೊಟ್ಟಿಲ ಕಾರ್ಯಕ್ಕ ಜೋಗುಳ ನೀವಽ ಬಾರಸ್ಬೇಕು,” ಎಂದಳು. ನಾನು ಹೂಂ ಎಂದದ್ದಷ್ಟೇ ಅಲ್ಲ, ನಾನಿರುವ ಬೆಳಗಾವಿಯ ಹಿಂದವಾಡಿಗೆಲ್ಲ ಹೇಳಿಕೊಂಡು ಬಂದೆ.

ಜೋಳದ ಡಬ್ಬಿ

ಪೆಟ್ಟಿಗೆ ಬಂದ ದಿನ ಒಂದನೇ ಪ್ಯಾಚ್ ಒತ್ತಿ ಗಿಟಾರಿಗೆ ಒಂದೇ ಏಟು ಹಾಕಿದೆ. ‘ಗರ್ರ್ರ್’ ಎಂದು ಎದ್ದ ನಾದಕ್ಕೆ ಅಡುಗೆಮನೆಯ ತಾಟುಗಳು ತಾಳ ಹಾಕಿದವು. ಆನಂದದಿಂದ ಕಣ್ಣು ಮುಚ್ಚಿದೆ. ತೆರೆದಾಗ ಬಾಗಿಲಲ್ಲಿ ಹಿಂದಿನ ಓಣಿಯ ಅಜ್ಜಿ, ಅವಳ ಸೊಂಟದ ಮೇಲೆ ಜೋಳದ ಡಬ್ಬಿ.

“ನೀವು ಗಿರಣಿ ಹಾಕಿದ್ದು ಗೊತ್ತಽ ಇರಲಿಲ್ಲ ನೋಡ್ರಿ. ರೊಟ್ಟಿಗೆ ಬೇಕು, ಸಣ್ಣಗ ಬೀಸಿ ಕೊಡ್ರಿ.”

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಡಬ್ಬಿ ಇಟ್ಟು ಹೋಗ್ರಿ ಅಜ್ಜಿ. ಅವರಿಗೂ ಒಂದು ಕೆಲಸ ಸಿಕ್ಕಂಗ ಆಗ್ತೈತಿ.”

ಸುದ್ದಿ ಸಂಜೆಯೊಳಗೆ ಖಾನಾಪುರ ಮುಟ್ಟಿತು. ತಂಗಿ ಫೋನು ಮಾಡಿದಳು.

“ಅಣ್ಣಾ, ನಮ್ಮ ಮನಿ ಬಾಜೂಕ ಒಂದು ಗಿರಣಿ ಐತಿ, ಅದಽ ಸಾಕು. ಸಂಗೀತ ಬಲ್ಲವರು ಇಬ್ಬರು ನಿನ್ನ ಪೆಟಗಿ ಕೇಳಿ ಸೈ ಅನಬೇಕು. ಅಂದ್ರ ಮಾತ್ರ ತಗೊಂಡ ಬಾ.”

“ಅನಲಿಲ್ಲಂದ್ರ?”

“ಕೂಸಿಗೊಂದು ಗಿಲಕಿ ತಗೊಂಡ ಬಾ. ಅದನ್ನಽ ಬಾರಸು.”

ಟ್ಯೂಬೋ, ಟ್ಯೂಬ್‌ಲೆಸ್ಸೋ?

ಇಬ್ಬರು ಸಂಗೀತಗಾರರನ್ನು ಎಲ್ಲಿಂದ ತರಲಿ? ಪೀರನವಾಡಿಯಲ್ಲಿ ಯಾರೋ ಇದ್ದಾರೆಂದು ಕೇಳಿ, ಗಿಟಾರು, ಪೆಟ್ಟಿಗೆ, ಸಣ್ಣ ಸ್ಪೀಕರು ಎಲ್ಲ ಸ್ಕೂಟರಿನ ಮೇಲೆ ಹೇರಿಕೊಂಡು ಹೊರಟೆ. ಚಹಾದಂಗಡಿಯಲ್ಲಿ ಕೇಳಿದೆ, “ಇಲ್ಲೆ ಪ್ಯಾಚ್ ಬಲ್ಲವರು ಯಾರರ ಅದಾರೇನ್ರಿ?”

“ಅಗೋ, ಟಾಯರ್ ಜೋತಬಿಟ್ಟಾರಲ್ಲ, ಅಲ್ಲೇ.”

ಬಾಗಿಲಿಗೆ ಟಾಯರು ಕಟ್ಟಿಕೊಂಡು ಕೂತಿದ್ದಾನೆಂದರೆ ಎಂಥ ವಿನಯವಂತ ಕಲಾವಿದನಿರಬೇಕು! ಹೋದೆ. ಆತ ಬಗ್ಗಿ ಏನೋ ತಿಕ್ಕುತ್ತಿದ್ದ. ತಲೆ ಎತ್ತದೆ ಕೇಳಿದ, “ಮುಂದಿಂದೋ, ಹಿಂದಿಂದೋ?”

“ಒಂದನೇದು ಬಿಡ್ರಿ, ಅದು ಸುಧಾರಿಸೂ ಪೈಕಿ ಅಲ್ಲ. ಎರಡನೇದು ನೋಡ್ರಿ.”

“ಟ್ಯೂಬ್ ಐತೋ, ಟ್ಯೂಬ್‌ಲೆಸ್ಸೋ?”

ನನ್ನ ಕಣ್ಣಲ್ಲಿ ನೀರು ಬಂತು. ಹಳೇ ಕಾಲದ ಗಿಟಾರ್ ಆಂಪ್ಲಿಫಾಯರುಗಳಲ್ಲಿ ಗಾಜಿನ ಟ್ಯೂಬುಗಳಿರುತ್ತಿದ್ದವು. ಆ ದನಿಗೆ ಇವತ್ತಿಗೂ ಗಿಟಾರಿನವರು ಪ್ರಾಣ ಬಿಡುತ್ತಾರೆ. ಇದನ್ನು ಮೊದಲ ಮಾತಿಗೇ ಕೇಳಿದವನು ಜ್ಞಾನಿಯಲ್ಲದೆ ಮತ್ತೇನು?

“ಟ್ಯೂಬ್‌ಲೆಸ್ ರೀ. ಆದರ ಟ್ಯೂಬ್ ಇದ್ದಂಗ ಮೆತ್ತಗ ಆಗಬೇಕು.”

“ಮೆತ್ತಗ ಆಗೈತಿ ಅಂತ ಎಲ್ಲಾರೂ ಅಳಕೋತ ಬರ್ತಾರ ಕಾಕಾ. ಮೆತ್ತಗ ಮಾಡಿಕೊಡು ಅಂತ ಬಂದವರು ನೀವೊಬ್ಬರಽ. ಬಿಚ್ರಿ.”

ಬಿಚ್ಚಿದೆ. ಗಿಟಾರಿನ ಚೀಲ ನೋಡಿ ಆತ ಮೊದಲ ಸಲ ತಲೆ ಎತ್ತಿದ. ಗಿಟಾರು ನೋಡಿದ, ನನ್ನನ್ನು ನೋಡಿದ. “ಕಾಕಾ, ಇದಕ್ಕ ಗಾಳಿ ಎಲ್ಲಿಂದ ಹಾಕೂದು?”

ಆದರೆ ನನ್ನ ಅದೃಷ್ಟ ನೋಡಿ, ಆತ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು! ಪೆಟ್ಟಿಗೆ ಹಚ್ಚಿಸಿ, ಟ್ಯೂಬಿಗೆ ಕಿವಿ ಕೊಟ್ಟಂತೆ ಸ್ಪೀಕರಿಗೆ ಕಿವಿ ಕೊಟ್ಟ. “ಹಿಂದಿನಿಂದ ಸುಂಯ್ ಅನ್ನಾಕತ್ತೈತಿ. ಲೀಕ್ ಐತಿ.” ವಾಯರಿನ ಪಿನ್ನು ಸಡಿಲಾಗಿತ್ತು. ಎರಡು ಸುತ್ತು ಬಿಗಿ ಮಾಡಿದ, ಸುಂಯ್ ನಿಂತಿತು. “ಇನ್ನ ದನಿ ಭಾಳ ಚೂಪ ಐತಿ. ನಾವಾದ್ರ ತುಟಿ ಸಡಲ ಬಿಡ್ತೀವಿ. ನಿಮ್ಮ ಪೆಟಗಿಗೆ ತುಟಿ ಎಲ್ಲೈತಿ?” ನಾನು ತಿರುಗಣಿ ತೋರಿಸಿದೆ. ಗಿರಾಕಿಗಳನ್ನು ಕಾಯಿಸಿ, ಒಂದು ತಾಸು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ, ಕೊನೆಗೆ “ಸೈ” ಎಂದ.

ತಬ್ಬಿಕೊಳ್ಳಲು ಹೋದೆ. ಆತ ನೀರಿನ ಬುಟ್ಟಿ ಮುಂದೆ ಎಳೆದುಕೊಂಡ.

“ತಡೀರಿ ಕಾಕಾ, ಪೆಟಗಿ ಒಮ್ಮಿ ನೀರಾಗ ಮುಳಗಿಸಿ ನೋಡೂಣು. ಲೀಕ್ ಪೂರ್ತಿ ನಿಂತೈತೋ ಇಲ್ಲೋ ಗೊತ್ತಾಗ್ತೈತಿ.”

ಟೋನೋ, ದೋನೋ?

ಒಬ್ಬ ಸೈ ಎಂದ. ಇನ್ನೊಬ್ಬ ಬೇಕಲ್ಲ? ಕ್ಲಾರಿನೆಟ್ಟಿನವನೇ ಖಾನಾಪುರದ ಒಬ್ಬರ ನಂಬರು ಕೊಟ್ಟ. ಹಿಂದೆ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ ಮರಾಠಿ ಮಾಸ್ತರು. ನನ್ನ ಮರಾಠಿ ಎಷ್ಟು ಶುದ್ಧವೆಂದರೆ ಮರಾಠಿಯವರಿಗೇ ತಿಳಿಯುವುದಿಲ್ಲ. ಫೋನಿನಲ್ಲಿ ಗಟ್ಟಿಯಾಗಿ ಹೇಳಿದೆ, “ಗಿಟಾರ್ ಟೋನ್ ಪಾಯಿಜೆ!” ಪಾಯಿಜೆ ಅಂದರೆ ಬೇಕು.

“ದೋನ್?”

“ಹೋ, ಹೋ, ಟೋನ್!” ಎಂದು ಹೂಂಗುಟ್ಟಿದೆ.

ಮರುದಿನ ಖಾನಾಪುರದ ಬಸ್ ನಿಲ್ದಾಣದಲ್ಲಿ ಇಳಿದೆ. ಎದುರಿಗೆ ಮಾಸ್ತರು, ಎರಡೂ ಹೆಗಲಿಗೆ ಒಂದೊಂದು ಗಿಟಾರು. ಮರಾಠಿಯಲ್ಲಿ ದೋನ್ ಅಂದರೆ ಎರಡು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಹೊತ್ತಿಗೆ ಹೊಳೆಯಲಿಲ್ಲ ಅಷ್ಟೇ.

“ಎರಡು ಬೇಕಂದ್ರಲ್ಲಾ! ಒಂದು ನನ್ನದು. ಇನ್ನೊಂದು ನಮ್ಮ ಬೀಗರ ಮನಿಯಿಂದ ಕಡಾ ತಂದೀನಿ, ಸಂಜೀಕ ವಾಪಸ್ ಕೊಡಬೇಕು,” ಎಂದು ಮಾಸ್ತರು ಕನ್ನಡದಲ್ಲೇ ಬೆವರು ಒರೆಸಿಕೊಂಡರು.

ವಿಷಯ ತಿಳಿದ ಮೇಲೆ ಬಿದ್ದು ಬಿದ್ದು ನಕ್ಕರು. ಅವರ ಮನೆಯ ಕಟ್ಟೆಯ ಮೇಲೆ ಕೂತು ಎರಡನೇ ಪ್ಯಾಚ್ ಕೇಳಿದರು. “ದನಿ ಚೊಲೋ ಐತ್ರಿ. ಆದರ ಬಾವ್ಯಾಗ ಕುಂತು ಬಾರಿಸಿದಂಗ ಕೇಳಸ್ತೈತಿ,” ಎಂದು ಮಾರ್ದನಿ ಕಡಿಮೆ ಮಾಡಿದರು. ಆಮೇಲೆ ಬಂದ ದನಿ, ಏನು ಹೇಳಲಿ, ಹಾಲಿನ ಕೆನೆ! ಅವರೂ ಸೈ ಎಂದರು. ಅಲ್ಲಿಂದಲೇ ತಂಗಿಗೆ ಫೋನು ಮಾಡಿ ಕೂಗಿದೆ, “ಟೋನ್ ಸಿಕ್ತವ್ವಾ, ಟೋನ್!”

“ದೋನ್ ಯಾಕೋ ಅಣ್ಣಾ? ಒಂದಽ ತಡಕೊಳ್ಳಾಕ ಆಗವಲ್ದು!”

ತೊಟ್ಟಿಲು

ಕಾರ್ಯದ ದಿನ ಕ್ಲಾರಿನೆಟ್ಟಿನವನನ್ನೂ ಮಾಸ್ತರನ್ನೂ ಕರೆದುಕೊಂಡೇ ಹೋದೆ. ಸಾಕ್ಷಿ ಬೇಕಲ್ಲ? ಬಾಣಂತನಕ್ಕೆಂದು ಹದಿನೈದು ದಿನದಿಂದ ಅಲ್ಲೇ ಇದ್ದ ಹೆಂಡತಿ ನನ್ನ ಪಕ್ಕದಲ್ಲಿ ಕೂತಳು. ಬಾಜೂ ಗಿರಣಿಯವರು ಭಾಳ ಮರ್ಯಾದಸ್ತರು. ಕಾರ್ಯಕ್ಕೆ ಸಪ್ಪಳ ಆಗಬಾರದೆಂದು ಬೆಳಿಗ್ಗೆಯಿಂದ ಗಿರಣಿ ಬಂದ್ ಇಟ್ಟಿದ್ದರು.

ಕೂಸು ಮಾತ್ರ ಬೆಳಿಗ್ಗೆಯಿಂದ ಒಂದೇ ಸವನೆ ಅಳುತ್ತಿತ್ತು. ಓಮದ ನೀರು ಕುಡಿಸಿದರು, ದೃಷ್ಟಿ ತೆಗೆದರು, ಹೆಗಲು ಬದಲಿಸಿದರು. ಉಪಯೋಗವಿಲ್ಲ.

ನಾವು ಶುರು ಮಾಡಿದೆವು. ಎರಡನೇ ಪ್ಯಾಚ್, ಹಾಲಿನ ಕೆನೆ. ಹೆಣ್ಣುಮಕ್ಕಳು ಜೋಗುಳ ಎತ್ತಿಕೊಂಡರು. ಕೂಸು ನಮ್ಮೆಲ್ಲರಿಗಿಂತ ಮೇಲಿನ ಸ್ವರ ಹಿಡಿಯಿತು. ಬಾಣಂತಿಯ ಕಣ್ಣು ತುಂಬಿತು. ತಂಗಿ ನನ್ನ ಕಡೆ ನೋಡಿ ಬಾಗಿಲ ಕಡೆ ನೋಡಿದಳು. ಅರ್ಥವಾಯಿತು. ಕೊನೆಯದೊಂದು ಏಟು ಹಾಕಿ ವಾಯರಿಗೆ ಕೈ ಹಾಕಿದೆ.

ಆಗ, ಮಹಾಪುರುಷರಿಗಷ್ಟೇ ಹೊಳೆಯುವ ಒಂದು ಹೊಳಹು ಹೊಳೆದು, ಕಾಲು ಚಾಚಿ ಒಂದನೇ ಪ್ಯಾಚ್ ಒತ್ತಿದೆ.

ಗರ್ರ್ರ್ರ್!

ಹೆಣ್ಣುಮಕ್ಕಳು ಕಿವಿ ಮುಚ್ಚಿಕೊಂಡರು. ತೊಟ್ಟಿಲು ಗಪ್ಪಾಯಿತು. ಕೂಸು ಒಂದು ದೊಡ್ಡ ಆಕಳಿಕೆ ತೆಗೆದು ಕಣ್ಣು ಮುಚ್ಚಿತು. ಸಂಶಯಕ್ಕೆ ಎರಡನೇ ಪ್ಯಾಚ್ ಒತ್ತಿದರೆ ಕಿರುಚಾಟ, ಒಂದನೇದು ಒತ್ತಿದರೆ ನಿದ್ದೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಹಗಲೆಲ್ಲ ಗೋಡೆಯಾಚೆಯ ಗಿರಣಿ ಕೇಳಿ ಬೆಳೆದ ಕೂಸು, ಪಾಪ, ಅದಕ್ಕೆ ಬೇರೆ ಜೋಗುಳ ಗೊತ್ತಿಲ್ಲ!

ಅಷ್ಟರಲ್ಲಿ ಗಿರಣಿಯವರು ಹೋಳಿಗೆಯ ತಾಟು ಬಿಟ್ಟು ಎದ್ದು ಓಡಿಬಂದರು: “ಯಾರ್ರೀ ಅದು ನನ್ನ ಗಿರಣಿ ಚಾಲೂ ಮಾಡಿದವರು?”

ಕೂಸಿನ ಕಿವಿಯಲ್ಲಿ ಮೆಲ್ಲಗೆ ಹೇಳಬೇಕಾದ ಹೆಸರನ್ನು ಸೋದರತ್ತೆ ಆ ಗದ್ದಲದಲ್ಲಿ ಕೂಗಿ ಹೇಳಿದಳು. ಇಡೀ ಓಣಿ ಹೆಸರು ಕೇಳಿತು, ಕೂಸು ಏಳಲಿಲ್ಲ. ಹೊರಡುವಾಗ ತಂಗಿ ಹೋಳಿಗೆ ಕಟ್ಟಿಕೊಟ್ಟು, “ಅಣ್ಣಾ, ಕರೆಂಟ್ ಹೋದಾಗ ಗಿರಣಿ ನಿಲ್ತೈತಿ. ನಿನ್ನ ಪೆಟಗಿ ಬ್ಯಾಟರಿ ಮ್ಯಾಲ ನಡೀತೈತೇನು?” ಎಂದಳು.

ಈಗ ಪ್ರತಿ ರವಿವಾರ ನಾವು ಮೂವರೂ ಪೀರನವಾಡಿಯ ಪಂಕ್ಚರ್ ಅಂಗಡಿಯಲ್ಲಿ ಕೂಡುತ್ತೇವೆ. ಮೂರನೇ ಪ್ಯಾಚ್ ನಡೆದಿದೆ. ನೀರಿನ ಬುಟ್ಟಿ ಮಾತ್ರ ನಾನೇ ದೂರ ಸರಿಸಿ ಕೂಡುತ್ತೇನೆ.

ಆಣೆ ಮಾಡಿ ಶುರು ಮಾಡಿದ್ದೇನೆ, ಐದು ತಂತಿಗಳ ಪ್ರಶ್ನೆ. ಹಾಗಾಗಿ ಹೇಳಿಬಿಡುತ್ತೇನೆ, ಒಂದೇ ಒಂದು ಸಣ್ಣ ವಿವರ ನಾನು ಹುಟ್ಟಿಸಿದ್ದು. ಒಂದನೇ ಪ್ಯಾಚ್ ಒತ್ತಿದ ಆ ಕಾಲು ನನ್ನದಲ್ಲ. ಅದರ ಬೆರಳಿನಲ್ಲಿ ಕಾಲುಂಗುರ ಇತ್ತು.