ಭಾವ ಹೆಮ್ಮೆಯಿಂದ ಕಟ್ಟಿದ ದಂಡ

ನನ್ನ ಭಾವನಿಗೆ ತಾರೀಕುಗಳಲ್ಲಿ ನಂಬಿಕೆ ಇಲ್ಲ. ದೇವರಲ್ಲಿ ಇದೆ, ದೈವಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಇದೆ, ತುಂಬಿ ತುಳುಕುವ ಸಿಟಿ ಬಸ್ಸಿನ ಕಂಡಕ್ಟರ್ "ಹಿಂದೆ ಖಾಲಿ ಉಂಟು, ಹೋಗಿ ಹೋಗಿ" ಎಂದರೆ ಅದರಲ್ಲೂ ಇದೆ! ಕ್ಯಾಲೆಂಡರಿನಲ್ಲಿ ಮಾತ್ರ ಇಲ್ಲ. ಅವರ ಮನೆಯ ಗೋಡೆಯಲ್ಲಿ ಮೂರು ಕ್ಯಾಲೆಂಡರುಗಳಿವೆ, ಮೂರೂ ಬೇರೆ ಬೇರೆ ತಿಂಗಳನ್ನು ತೋರಿಸುತ್ತವೆ. ಕೇಳಿದರೆ, "ಯಾವುದಾದ್ರೂ ಒಂದು ಸರಿ ಇರ್ತದೆ ಬಿಡು" ಎನ್ನುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರನ್ನು ದೂರಿ ಪ್ರಯೋಜನವಿಲ್ಲ, ತಪ್ಪೆಲ್ಲ ಅವರ ಕೆಲಸದ್ದು. ಪಣಂಬೂರಿನ ಬಂದರಿನಲ್ಲಿ ಮೂವತ್ತೈದು ವರ್ಷ ಹಡಗುಗಳಿಗೆ ಹಗ್ಗ ಹಾಕಿ ನಿವೃತ್ತರಾದವರು. ಹಡಗು ಜೆಟ್ಟಿಗೆ ಬಂದಾಗ ಮೇಲಿನಿಂದ ಇಳಿಬಿಡುವ ತೋಳು ದಪ್ಪದ ಹಗ್ಗವನ್ನು ಆರೇಳು ಜನ ಸೇರಿ ಎಳೆದು ದಡದ ಕಬ್ಬಿಣದ ಗೂಟಕ್ಕೆ ಸಿಕ್ಕಿಸಬೇಕು. ಹೊರಡುವಾಗ ಬಿಚ್ಚಬೇಕು. ಇಷ್ಟೇ ಕೆಲಸ. ಆದರೆ ಹಡಗು ಬರಬೇಕಲ್ಲ! ಮಂಗಳವಾರ ಎಂದದ್ದು ಶುಕ್ರವಾರ ಬರುತ್ತದೆ. ಶುಕ್ರವಾರ ಬಂದದ್ದು ಒಳಗೆ ಜಾಗವಿಲ್ಲವೆಂದು ಭಾನುವಾರದವರೆಗೆ ಹೊರಗೆ ಸಮುದ್ರದಲ್ಲೇ ನಿಲ್ಲುತ್ತದೆ. ಗಾಳಿ ಎದ್ದರೆ ಇನ್ನೆರಡು ದಿನ. ಹೀಗೆ ಮೂವತ್ತೈದು ವರ್ಷ ಕಾದ ಮನುಷ್ಯನಿಗೆ ತಾರೀಕು ಎಂದರೆ ಯಾರೋ ಹೇಳಿದ ಗಾಳಿಮಾತು. "ಕಣ್ಣಿಗೆ ಕಂಡ ಮೇಲೆ ಎದ್ದು ನಿಂತರೆ ಸಾಕು" ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತ ಹಿಡಿದುಕೊಂಡು ಸಂಸಾರ ಮಾಡಲು ಆಗುತ್ತದೆಯೇ? ನಮ್ಮ ಚಿಕ್ಕಪ್ಪನ ಮಗ ತೊಕ್ಕೊಟ್ಟಿನಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಅಡುಗೆಗೆ ಸಹಾಯಕ್ಕೆಂದು ಅಕ್ಕ ಮೊದಲೇ ಹೋಗಿದ್ದಳು. ಭಾವ ಬಂದದ್ದು ಮರುದಿನ! ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಉಡುಗೊರೆಯ ಗೋಡೆ ಗಡಿಯಾರ. ಶಾಮಿಯಾನ ಬಿಚ್ಚುತ್ತಿದ್ದವರನ್ನು ನೋಡಿ ಅವರಿಗೇ ಗದರಿದರು: "ಎಂತ ಮಾರಾಯ್ರೆ, ಊಟ ಆಗುವ ಮೊದಲೇ ಬಿಚ್ಚುವುದಾ?" ವಿಷಯ ತಿಳಿದ ಮೇಲಾದರೂ ನಾಚಿಕೆಪಟ್ಟರಾ? ಇಲ್ಲ. "ಒಂದೇ ದಿನ ತಡ ಅಲ್ವಾ, ಅದು ತಡ ಅಂತ ಲೆಕ್ಕವೇ ಇಲ್ಲ" ಎಂದು ಕೂತು, ಉಳಿದಿದ್ದ ಹೋಳಿಗೆಯನ್ನು ನೆಮ್ಮದಿಯಿಂದ ತಿಂದರು.

ಕೆಲಸದಿಂದ ಬಂದ ಇನ್ನೊಂದು ಅಭ್ಯಾಸ ಗಂಟು ಹಾಕುವುದು. ಮನೆಯಲ್ಲಿ ಅವರು ಕಟ್ಟದ ವಸ್ತು ಇಲ್ಲ. ನೀರಿನ ಟ್ಯಾಂಕಿಯ ಮುಚ್ಚಳ, ಗ್ಯಾಸ್ ಸಿಲಿಂಡರ್, ಟಿವಿಯ ರಿಮೋಟು ಕೂಡ! ಸ್ಕೂಟರನ್ನು ಅಂಗಳದ ಮಾವಿನ ಮರಕ್ಕೆ ಕಟ್ಟುತ್ತಾರೆ. ಒಮ್ಮೆ ಆ ಬೀದಿಗೆ ಕಳ್ಳರು ಬಂದು ಎರಡು ಬೈಕ್ ಕೊಂಡುಹೋದರು. ಭಾವನ ಗಂಟಿನೊಂದಿಗೆ ಜಗ್ಗಾಡಿದ ಗುರುತು ಇತ್ತು, ಸ್ಕೂಟರ್ ಮಾತ್ರ ಅಲ್ಲೇ ಇತ್ತು. "ನೋಡಿದಿಯಾ ಟೀಚರ್?" ಎಂದು ನನಗೆ ಫೋನ್ ಮಾಡಿ ಒಂದು ಗಂಟೆ ಕೊಚ್ಚಿಕೊಂಡರು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಆದರೆ ಭಾವನ ಬಾಯಲ್ಲಿ ಟೀಚರೇ. ಆದರೆ ಕಳ್ಳರು ಜಗ್ಗಿ ಜಗ್ಗಿ ಆ ಗಂಟು ಎಷ್ಟು ಬಿಗಿದಿತ್ತೆಂದರೆ ಭಾವನಿಗೂ ಅದನ್ನು ಬಿಚ್ಚಲಾಗಲಿಲ್ಲ. ಆ ದಿನ ಪೇಟೆಗೆ ಬಸ್ಸಿನಲ್ಲಿ ಹೋದರು.

ಇಂಥವರು ಒಂದು ದಿನ ವಿಹಾರದ ಹಡಗಿಗೆ ಟಿಕೆಟ್ ತೆಗೆದರು ಎಂದರೆ ನಂಬುತ್ತೀರಾ? ನಾನೂ ನಂಬಲಿಲ್ಲ. ಕೊಚ್ಚಿಯಿಂದ ಹೊರಟು ಲಕ್ಷದ್ವೀಪ ತೋರಿಸಿ ತಂದು ಬಿಡುವ ಹಡಗು. ಪಣಂಬೂರಿಗೆ ವಿದೇಶಿ ಪ್ರವಾಸಿಗಳ ಹಡಗು ಬಂದಾಗಲೆಲ್ಲ ಭಾವ ಮನೆಗೆ ಬಂದು ಅಕ್ಕನಿಗೆ ವರ್ಣಿಸುತ್ತಿದ್ದರಂತೆ. "ಒಳಗೆ ಈಜುಕೊಳ ಉಂಟು ಮಾರಾಯ್ತಿ. ಸುತ್ತ ಇಷ್ಟು ದೊಡ್ಡ ಸಮುದ್ರ ಇರುವಾಗ ಅದರೊಳಗೆ ಎಂತಕ್ಕೆ ಕೊಳ?" ಅಕ್ಕ ಬೀಡಿ ಕಟ್ಟುತ್ತಲೇ, "ಒಮ್ಮೆ ಹತ್ತಿ ನೋಡ್ಬೇಕು" ಎಂದಿದ್ದಳು. ಅಷ್ಟು ಹಡಗುಗಳನ್ನು ದಡಕ್ಕೆ ಎಳೆದ ಮನುಷ್ಯ ಒಂದಕ್ಕೂ ಪ್ರಯಾಣಿಕನಾಗಿ ಹತ್ತಿದವರಲ್ಲ. ನಿವೃತ್ತಿಯ ದುಡ್ಡು ವರ್ಷ ಕಳೆದು ಕೈಗೆ ಬಂದದ್ದೇ ಇಬ್ಬರಿಗೂ ಟಿಕೆಟ್ ಮಾಡಿಸಿದರು.

ಇಲ್ಲಿ ಅಕ್ಕನ ಬಗ್ಗೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅಕ್ಕನಿಗೆ ಐವತ್ಮೂರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ನನ್ನ ಫೀಸು, ನನ್ನ ಪುಸ್ತಕ, ನನ್ನ ಕಾಲೇಜಿನ ಬಸ್ಸಿನ ಚಾರ್ಜು ಎಲ್ಲ ಆ ಬೀಡಿಯಿಂದಲೇ ಬಂದದ್ದು. ಭಾವ ನಿವೃತ್ತರಾದ ವಾರವೇ ಅವಳ ಮುಂದೆ ಒಂದು ಅರ್ಜಿ ಹಿಡಿದು ನಿಂತರಂತೆ. "ಇಡೀ ದಿನ ನಾವಿಬ್ಬರು ಮುಖ ಮುಖ ನೋಡಿ ಕೂತ್ಕೊಳ್ಳುವುದಾ? ನೀನು ಎಸ್ಸೆಸ್ಸೆಲ್ಸಿ ಬರಿ. ಅಡುಗೆ ನಾನು ನೋಡ್ಕೊಳ್ತೇನೆ."

ಅಕ್ಕ ನನಗೆ ಇದನ್ನು ಹೇಳಿದಾಗ ನಾನು ಏನು ಹೇಳಿದೆ ಗೊತ್ತೇ? "ಈ ವಯಸ್ಸಲ್ಲಿ ಎಂತಕ್ಕೆ ಅಕ್ಕ?" ಎಂದೆ! ಊರ ಮಕ್ಕಳಿಗೆಲ್ಲ ವಿದ್ಯೆಯ ಮಹತ್ವದ ಮೇಲೆ ಭಾಷಣ ಮಾಡುವ ನಾನು! ಆ ಮಾತು ನೆನಪಾದಾಗ ಈಗಲೂ ಮೈ ಮುದುಡುತ್ತದೆ.

ಅಕ್ಕ ಓದಿದಳು. ಭಾವ ಅಡುಗೆ ಮಾಡಿದರು. ಇಬ್ಬರಲ್ಲಿ ಹೆಚ್ಚು ಕಷ್ಟಪಟ್ಟದ್ದು ಯಾರು ಎಂದು ಕೇಳಿದರೆ, ಆ ಬಂಗುಡೆ ಮೀನಿನ ಸಾರು ಉಂಡ ನಾನು ಎನ್ನುತ್ತೇನೆ. ಮೊದಲ ವರ್ಷ ಎಲ್ಲ ವಿಷಯ ಪಾಸಾಗಿ ಗಣಿತ ಒಂದು ಉಳಿಯಿತು. ಈ ವರ್ಷ ಆ ಒಂದೇ ಪರೀಕ್ಷೆ. ಹಡಗಿನ ಟಿಕೆಟ್ ತೆಗೆಯುವಾಗ ಪರೀಕ್ಷೆಯ ವೇಳಾಪಟ್ಟಿ ಬಂದಿರಲಿಲ್ಲ. ಬಂದಾಗ ನೋಡಿದರೆ, ಹಡಗು ಹೊರಡುವ ಮರುದಿನವೇ ಗಣಿತ!

ಇದು ಅಕ್ಕನಿಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಹಾಲ್ ಟಿಕೆಟ್ ಬಂದಾಗ ಅದನ್ನು ಗಂಡನ ಕಣ್ಣಿಗೆ ಬೀಳದ ಜಾಗದಲ್ಲಿ ಅಡಗಿಸಿದಳು. ಎಲ್ಲಿ? ಮೂವತ್ತು ವರ್ಷ ಅವಳೊಬ್ಬಳೇ ಕೈ ಹಾಕಿದ್ದ ಅಕ್ಕಿಯ ಡ್ರಮ್ಮಿನಲ್ಲಿ! ಈಗ ದಿನಾ ಅದಕ್ಕೆ ಕೈ ಹಾಕುವವರು ಯಾರು ಎಂಬುದು ಅವಳಿಗೆ ಮರೆತೇಹೋಗಿತ್ತು. ಮೂರನೇ ದಿನ ಕುಚ್ಚಲಕ್ಕಿಯ ಜೊತೆ ಅಕ್ಕನ ಫೋಟೋ ಇರುವ ಹಾಲ್ ಟಿಕೆಟೂ ಭಾವನ ಸೇರಿಗೆ ಬಂತು.

ಅವರ ಜಗಳ ನಡೆದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ತಾರೀಕು ಬದಲಿಸಿದ್ರೆ ದಂಡ ಹಾಕ್ತಾರೆ. ನಾನು ಟಿಕೆಟಿನ ಹಿಂದೆ ಓದಿದ್ದೇನೆ. ಪರೀಕ್ಷೆ ಆದ್ರೆ ಎರಡು ತಿಂಗಳು ಬಿಟ್ಟು ಪುನಃ ಉಂಟು" ಎಂದಳು ಅಕ್ಕ.

"ನೀನು ಎಷ್ಟು ವರ್ಷದಿಂದ ಅದನ್ನು ಮುಂದೆ ಹಾಕಿದ್ದು ಹೇಳು ನೋಡುವ?"

"ಹಡಗು ತಪ್ಪಿದ್ರೆ?"

"ಹಡಗಾ?" ಭಾವ ನಕ್ಕರು. "ಹಡಗಿನ ತಾರೀಕು ಬದಲಾಗುವುದನ್ನು ನನಗೆ ಕಲಿಸ್ತೀಯಾ?"

ಮರುದಿನ ಹಂಪನಕಟ್ಟೆಯಲ್ಲಿ ಟಿಕೆಟ್ ಮಾಡಿಸಿದ್ದ ಟ್ರಾವೆಲ್ ಆಫೀಸಿಗೆ ಭಾವ ನನ್ನನ್ನೂ ಕರೆದುಕೊಂಡು ಹೋದರು. "ಇಂಗ್ಲಿಷ್ ಬಂದ್ರೆ ನೀನು ಹಿಡಿ" ಎಂದಿದ್ದರು. ಕೌಂಟರಿನಲ್ಲಿ ಇಪ್ಪತ್ತೈದರ ಒಬ್ಬಳು ಹುಡುಗಿ ಕೂತಿದ್ದಳು. ಭಾವ ಕುರ್ಚಿ ಎಳೆದು, ಬಂದರಿನ ದೊಡ್ಡ ಅಧಿಕಾರಿಯ ಗತ್ತಿನಲ್ಲಿ, "ಆ ಹಡಗನ್ನು ಸ್ವಲ್ಪ ಮುಂದೆ ಹಾಕ್ಬೇಕಿತ್ತು" ಎಂದರು.

ಹುಡುಗಿ ಹೆದರಿದಳು. "ಹಡಗನ್ನಾ ಸರ್?"

"ನಮ್ಮ ಟಿಕೆಟನ್ನು" ಎಂದು ನಾನು ತಿದ್ದಿದೆ.

ಅವಳು ಕಂಪ್ಯೂಟರ್ ನೋಡಿದಳು. "ಈಗ ಬದಲಿಸಿದ್ರೆ ಟಿಕೆಟಿನ ಕಾಲು ಭಾಗ ಹೋಗ್ತದೆ ಸರ್. ಹೊರಡ್ಲಿಕ್ಕೆ ಹದಿನೈದು ದಿನದ ಒಳಗೆ ಬಂದ್ರೆ ಬದಲಿಸ್ಲಿಕ್ಕೂ ಇಲ್ಲ, ರದ್ದು ಮಾಡಿದ್ರೆ ಪೂರ್ತಿ ಹೋಗ್ತದೆ."

"ಹಡಗೇ ತಡವಾಗಿ ಹೊರಟರೆ ನೀವು ನನಗೆ ಎಷ್ಟು ಕೊಡ್ತೀರಿ?"

"ಹಾಗೆಲ್ಲ ಕೊಡ್ಲಿಕ್ಕೆ ಇಲ್ಲ ಸರ್. ಸಮಯ ಬದಲಿಸುವ ಹಕ್ಕು ಕಂಪೆನಿಗೆ ಉಂಟು."

"ನೋಡು ಮಗಾ," ಭಾವ ಮುಂದೆ ಬಾಗಿದರು, "ಮೂವತ್ತೈದು ವರ್ಷ ನಾನು ಹಡಗುಗಳಿಗೆ ಕಾದಿದ್ದೇನೆ. ಬಿಸಿಲಿಗೆ, ಮಳೆಗೆ. ಒಂದಕ್ಕಾದ್ರೂ ದಂಡ ಹಾಕಿದ್ದೇನಾ? ಒಂದು ಸಲ ಒಂದು ಹಡಗು ನನಗೆ ಕಾಯ್ಲಿ."

ಹುಡುಗಿ ನಗು ತಡೆದುಕೊಂಡು, ಆಸ್ಪತ್ರೆಯ ಕಾಗದ ಏನಾದರೂ ಇದ್ದರೆ ಕಂಪೆನಿಗೆ ಬರೆದು ಕೇಳಬಹುದು ಎಂದಳು. "ಕಾರಣ ಎಂತ ಸರ್?"

"ಪರೀಕ್ಷೆ."

"ಓ, ಮಗಳದ್ದಾ?"

ಭಾವ ಎದ್ದು ನಿಂತರು. ಆ ಮಾತನ್ನು ಕೂತು ಹೇಳಲು ಅವರಿಂದ ಆಗಲಿಲ್ಲ. "ನನ್ನ ಹೆಂಡತಿಯದ್ದು! ಎಸ್ಸೆಸ್ಸೆಲ್ಸಿ! ಗಣಿತ!" ಪಕ್ಕದಲ್ಲಿ ದುಬಾಯಿ ಟಿಕೆಟಿಗೆ ಬಂದಿದ್ದ ಬ್ಯಾರಿ ಹಿರಿಯರೊಬ್ಬರು ತಿರುಗಿ ನೋಡಿ, "ಮಾಷಾ ಅಲ್ಲಾಹ್" ಎಂದರು.

ಕಂಪೆನಿ ಕರಗಲಿಲ್ಲ. ಹೆಂಡತಿಯ ಗಣಿತಕ್ಕೆ ರಿಯಾಯಿತಿ ಕೊಡುವ ನಿಯಮ ಅವರಲ್ಲಿ ಇರಲಿಲ್ಲ. ಕಾಲು ಭಾಗ ದಂಡ ಕಟ್ಟಿ, ಪರೀಕ್ಷೆ ಮುಗಿದು ಹತ್ತು ದಿನ ಕಳೆದ ಮೇಲಿನ ಹಡಗಿಗೆ ಟಿಕೆಟ್ ಬದಲಾಯಿತು. ನನಗೆ ಹೊಟ್ಟೆ ಉರಿಯಿತು. ಭಾವನಿಗೆ? ಅವರು ರಸೀದಿಯನ್ನು ಹುಡುಗಿಯ ಮುಂದೆ ಮತ್ತೆ ಇಟ್ಟು, "ಇದರಲ್ಲಿ ಕಾರಣ ಬರೀರಿ" ಎಂದರು.

"ಕಂಪ್ಯೂಟರಿನಲ್ಲಿ ಹಾಗೆ ಬರುವುದಿಲ್ಲ ಸರ್."

"ಪೆನ್ನು ಇಲ್ವಾ ನಿಮ್ಮಲ್ಲಿ?"

ಅವಳು ಕೈಯಲ್ಲೇ ಬರೆದಳು: ಹೆಂಡತಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾರಣದಿಂದ. ಸೀಲೂ ಒತ್ತಿದಳು, ಕೆಳಗೆ ಆಲ್ ದಿ ಬೆಸ್ಟ್ ಎಂದು ಸೇರಿಸಿದಳು. ಭಾವ ಅದೇ ಬೀದಿಯಲ್ಲಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದರು!

ದಂಡ ಬಿದ್ದವರು ಸಾಮಾನ್ಯವಾಗಿ ಮುಖ ಮುಚ್ಚಿಕೊಂಡು ತಿರುಗುತ್ತಾರೆ. ನನ್ನ ಭಾವ ಆ ರಸೀದಿಯನ್ನು ಮೀನು ಮಾರುವ ಬಾಯಮ್ಮನಿಗೆ ತೋರಿಸಿದರು, ಕ್ಷೌರದಂಗಡಿಯಲ್ಲಿ ತೋರಿಸಿದರು, ಬಂದರಿನ ಹಳೆಯ ಸಂಗಡಿಗರ ಕೈಯಿಂದ ಕೈಗೆ ದಾಟಿಸಿದರು. ಬೈಕಂಪಾಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಪರಿಚಯವೇ ಇಲ್ಲದವನಿಗೆ, "ನನಗೆ ದಂಡ ಬಿತ್ತು" ಎಂದು ಮೊಮ್ಮಗ ಹುಟ್ಟಿದ ಸುದ್ದಿಯಂತೆ ಶುರುಮಾಡುತ್ತಿದ್ದರು. ಒಂದೇ ವಾರದಲ್ಲಿ ಪಣಂಬೂರಿನಿಂದ ತೊಕ್ಕೊಟ್ಟಿನವರೆಗೆ ಅಕ್ಕನ ಗಣಿತ ಪರೀಕ್ಷೆ ಎಲ್ಲರಿಗೂ ಗೊತ್ತಾಯಿತು.

ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ಊರಿಡೀ ಹೇಳಿದ್ದಾರೆ ಮಾರಾಯ್ತಿ. ಪುನಃ ಫೇಲಾದ್ರೆ ನಾನು ಮುಖ ಎಲ್ಲಿ ತೋರಿಸುವುದು?" ಆಮೇಲೆ ಹೇಳಿದಳು: "ದಂಡಕ್ಕೆ ಹೆದರಿ ಹಾಲ್ ಟಿಕೆಟ್ ಅಡಗಿಸಿದ್ದಲ್ಲ. ಹಡಗಿನ ನೆಪದಲ್ಲಿ ಪರೀಕ್ಷೆ ತಪ್ಪಿದ್ರೆ ಒಳ್ಳೆದು ಅಂತ ಇತ್ತು ನನಗೆ."

ಆ ದಿನದಿಂದ ನಾನು ಕಾಲೇಜು ಮುಗಿಸಿ ದಿನಾ ನೇರ ಅಕ್ಕನ ಮನೆಗೆ ಹೋಗತೊಡಗಿದೆ. ವರ್ಗ ಸಮೀಕರಣ, ತ್ರಿಕೋನಮಿತಿ. ನನಗೇ ಮರೆತದ್ದನ್ನು ಇಬ್ಬರೂ ಸೇರಿ ಕಲಿತೆವು. ಭಾವ ಅಡುಗೆಮನೆಯಿಂದ ಇಣುಕಿ, "ಬಂತಾ ಉತ್ತರ?" ಎಂದು ಕೇಳುತ್ತಿದ್ದರು. ಬಂತು ಎಂದರೆ ನೀರುದೋಸೆ, ಬಾರದಿದ್ದರೂ ನೀರುದೋಸೆ.

ಪರೀಕ್ಷೆಯ ದಿನ ನಾನು ರಜೆ ಹಾಕಿದೆ. ಭಾವ ಒಂದು ಗಂಟೆ ಮೊದಲೇ ಅಕ್ಕನನ್ನು ಕರೆತಂದು ಶಾಲೆಯ ಮುಂದೆ ನಿಂತಿದ್ದರು. ಅಕ್ಕ ಒಳಗೆ ಹೋದ ಮೇಲೆ ಮೂರು ಗಂಟೆಗೂ ಹೆಚ್ಚು ಹೊತ್ತು ಆ ಗೇಟಿನ ಪಕ್ಕ ಬಿಸಿಲಲ್ಲಿ ನಿಂತೇ ಇದ್ದರು. ನೆರಳಿಗೆ ಬನ್ನಿ ಎಂದರೆ, "ಅವಳು ಕಿಟಕಿಯಿಂದ ನೋಡಿದ್ರೆ ಕಾಣ್ಬೇಕಲ್ಲ" ಎಂದರು. ಸುತ್ತಲೂ ಹದಿನಾರರ ಮಕ್ಕಳ ಅಪ್ಪ ಅಮ್ಮಂದಿರು, ಅವರ ನಡುವೆ ತಲೆ ಬೆಳ್ಳಗಾದ ಈ ಮನುಷ್ಯ. ಯಾರೋ "ಮೊಮ್ಮಗಳದ್ದಾ?" ಎಂದು ಕೇಳಿದರು. ನನ್ನ ಭಾವ ತಿದ್ದಿದ ರೀತಿ ನೋಡಬೇಕಿತ್ತು! ಆ ಹೊತ್ತಿಗೆ, ಇವರು ನಮ್ಮವರು ಎಂದು ಕೂಗಿ ಹೇಳುವಷ್ಟು ಹೆಮ್ಮೆ ನನಗೂ ಆಗಿತ್ತು.

ಬೆಲ್ ಆಯಿತು. ಮಕ್ಕಳ ನಡುವೆ ಅಕ್ಕ ಬಂದಳು. ಅವಳು ಅಳುತ್ತಿದ್ದಳು.

ಫೇಲೇ ಎಂದುಕೊಂಡೆ ನಾನು. ಭಾವ ಮಾತ್ರ ಒಂದು ಕ್ಷಣವೂ ತಡಮಾಡಲಿಲ್ಲ. "ಆಗ್ಲಿ, ಎಂತ ಆಗ್ಲಿಲ್ಲ. ಪುನಃ ಬರಿ. ಹಡಗು ಬೇಡ ಈಗ, ರದ್ದು ಮಾಡುವ. ನಿನಗೆ ಓದ್ಲಿಕ್ಕೆ ದಿನ ಬೇಕಲ್ಲ. ಪೂರ್ತಿ ಹೋದ್ರೂ ಹೋಗ್ಲಿ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿದಳು. "ಅದಕ್ಕಲ್ಲ ಮಾರಾಯ್ರೆ. ಬರೆದಿದ್ದೇನೆ. ಒಂದು ಲೆಕ್ಕ ಬಿಟ್ಟು ಎಲ್ಲ ಬರೆದಿದ್ದೇನೆ."

"ಮತ್ತೆ ಎಂತಕ್ಕೆ ಅಳುವುದು?"

"ಹೊರಗೆ ಬರುವಾಗ ಮಕ್ಕಳೆಲ್ಲ ಅವರವರ ಮನೆಯವರನ್ನು ಹುಡುಕ್ತಾ ಇದ್ರು. ನಾನೂ ನೋಡಿದೆ, ನೀವು ಕಂಡಿರಿ." ಅಕ್ಕ ಗೇಟಿನ ಕಡೆ ತಿರುಗಿ ನೋಡಿದಳು. "ನಾನು ಶಾಲೆಗೆ ಹೋಗ್ತಿದ್ದಾಗ ನನಗೆ ಅಂತ ಯಾರೂ ಗೇಟಿಗೆ ಬಂದದ್ದಿಲ್ಲ."

ಇಡೀ ಊರಿಗೆ ಕೇಳುವ ಹಾಗೆ ಮಾತಾಡುವ ನನ್ನ ಭಾವ ಅವಳ ಕೈಯಿಂದ ನೀರಿನ ಬಾಟ್ಲಿ ಮತ್ತು ಕಂಪಾಸ್ ಪೆಟ್ಟಿಗೆ ತೆಗೆದುಕೊಂಡರು. ಆಮೇಲೆ ಆ ಎಲ್ಲ ಅಪ್ಪ ಅಮ್ಮಂದಿರ ನಡುವೆ, ಅಕ್ಕನ ಕೈ ಹಿಡಿದು ರಸ್ತೆ ದಾಟಿಸಿದರು.