ನನ್ನ ಬ್ಯಾಂಡಿಗೆ ಇನ್ನೊಬ್ಬ ಕೇಳುಗ ಬೇಕಾಗಿದ್ದಾನೆ

ಮರ್ಯಾದೆ ಹೋಗುವ ಸಂಗತಿ ಊರಿನಲ್ಲಿ ಎಲ್ಲಿ ನಡೆದರೂ ಅಲ್ಲಿ ನಾನು ಇದ್ದೇ ಇರುತ್ತೇನೆ ಮಾರಾಯ್ರೆ. ಈ ಸಲ ಅದಕ್ಕೆ ಕಾರಣ ಒಂದು ವಿದೇಶಿ ರಾಕ್ ಬ್ಯಾಂಡು. ಕಾಲೇಜಿನ ದಿನಗಳಿಂದ ಅವರದ್ದೇ ಕೇಳುತ್ತಾ ಬಂದವ ನಾನು. ಈಗ ಐವತ್ತೆಂಟು ವಯಸ್ಸು, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಕೋಣೆಯ ಮನೆ. ಮದುವೆ ಆಗಲಿಲ್ಲ, ಯಾಕೆಂದು ನೀವಾದರೂ ಕೇಳಬೇಡಿ.

ಹನ್ನೊಂದು ವರ್ಷ ಸುಮ್ಮನಿದ್ದ ಅವರು ಮೊನ್ನೆ ಹೊಸ ಆಲ್ಬಮ್ ತಂದರು. ನಾನು ರಜೆ ಹಾಕಿ, ಬೆಳಿಗ್ಗೆಯೇ ಮಿಂದು, ದೇವರಿಗೆ ದೀಪ ಹಚ್ಚಿ ಕೇಳಲು ಕೂತೆ. ಮುಗಿದ ಮೇಲೆ ಒಳ್ಳೆಯದುಂಟೋ ಇಲ್ಲವೋ ಎಂದೇ ಗೊತ್ತಾಗಲಿಲ್ಲ. ಅದನ್ನೆಲ್ಲ ಪಕ್ಕದಲ್ಲಿ ಕೂತವರ ಮುಖ ನೋಡಿ ತಿಳಿಯಬೇಕು. ನನ್ನ ಪಕ್ಕದಲ್ಲಿ ಇದ್ದದ್ದು ಫ್ರಿಜ್ಜು. ಒಬ್ಬರು, ಒಬ್ಬರೇ ಒಬ್ಬರು ಜೊತೆಗೆ ಕೂತು ಪೂರ್ತಿ ಕೇಳಲಿ ಎಂದು ಹೊರಟೆ.

ಲೋಕಲ್ಲಿನ ಭಜನೆ

ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ, ನಮ್ಮ ಡಬ್ಬದಲ್ಲಿ ಮರಾಠಿಯವರ ಭಜನಾ ಮಂಡಳಿ ಉಂಟು. ಡೊಂಬಿವಲಿಯಲ್ಲಿ ಗಣಪತಿ ಸ್ತುತಿ ಶುರುವಾದರೆ ದಾದರ್ ಹತ್ತಿರ ಬರುವಾಗ ಆರತಿ. ಮರುದಿನ ಕೆಲಸಕ್ಕೆ ಹೊರಟಾಗ ತಾಳ ಹಾಕುವವರು ಬಂದಿರಲಿಲ್ಲ. ತಾಳ ನನ್ನ ಕೈಗೆ ಬಂತು. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಹೊಸ ಆಲ್ಬಮ್ಮಿನ ನಾಲ್ಕನೆಯ ಹಾಡು, ಭಯಂಕರ ಡ್ರಮ್ಮು. ಕೈ ನನ್ನ ಮಾತು ಕೇಳಬೇಕಲ್ಲ! ನಾನು ಡ್ರಮ್ಮಿನ ವೇಗಕ್ಕೆ ತಾಳ ಕುಟ್ಟಿದೆ, ಪಾಪ ಅವರು ತಾಳದ ಹಿಂದೆ ಓಡಿದರು. ಮುಂಬ್ರಾ ದಾಟುವಾಗ ಆರತಿ, ಥಾಣೆಗೆ ಪ್ರಸಾದ! ಇನ್ನರ್ಧ ದಾರಿ ಎಲ್ಲರೂ ಮುಖ ಮುಖ ನೋಡಿಕೊಂಡು ಕೂತರು.

ಮಂಡಳಿಯ ಹಿರಿಯರ ಕಿವಿಗೆ ಒಂದು ಇಯರ್‌ಫೋನ್ ಹಿಡಿದು, ‘ಇದರ ತಪ್ಪು ಕಾಕಾ, ಒಮ್ಮೆ ಕೇಳಿ’ ಎಂದೆ. ಹತ್ತು ಸೆಕೆಂಡು ಕೇಳಿ ವಾಪಸು ಕೊಟ್ಟು, ‘ನಾಳೆಯಿಂದ ನೀನು ಪ್ರಸಾದ ಮಾತ್ರ ಹಂಚು. ಇವತ್ತು ವಿಠೋಬನಿಗೇ ದಮ್ಮು ಹತ್ತಿತು’ ಎಂದರು.

ಖಾರಘರದ ಗೆಳೆಯ

ಹರೆಯದಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದು, ಇದೇ ಬ್ಯಾಂಡಿನ ಕ್ಯಾಸೆಟ್ ಸವೆಸಿದವ. ಈಗ ಖಾರಘರದಲ್ಲಿ ಹತ್ತೊಂಬತ್ತನೆಯ ಮಾಳಿಗೆ. ಭಾನುವಾರ ಥಾಣೆಯಲ್ಲಿ ಗಾಡಿ ಬದಲಿಸಿ ಹೋದೆ. ದಾರಿಯುದ್ದಕ್ಕೂ ಯಾವ ಹಾಡಿಗೆ ಏನು ಹೇಳುತ್ತಾನೋ ಎಂಬುದೇ ಯೋಚನೆ. ಅವನ ಸ್ಪೀಕರಿನಲ್ಲಿ ಹಾಕಿದೆ. ಮೊದಲನೆಯ ಹಾಡಿಗೆ ಅವ ಕಣ್ಣು ಮುಚ್ಚಿದ. ಎರಡನೆಯದಕ್ಕೆ ತಲೆ ತೂಗಿದ. ಅಬ್ಬ, ಸಿಕ್ಕಿದನಲ್ಲ ಎಂದು ದನಿ ಇನ್ನೂ ಜೋರು ಮಾಡಿದೆ. ಮೂರನೆಯದಕ್ಕೆ ಗೊರಕೆ ಹೊಡೆದ.

ಬೇಜಾರಾಗಿ ಸ್ಪೀಕರ್ ಬಂದ್ ಮಾಡಲು ಎದ್ದರೆ ಅವನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. ‘ನಿಲ್ಲಿಸ್ಬೇಡಿ ಅಣ್ಣ! ಇವರು ಸರಿ ನಿದ್ದೆ ಮಾಡದೆ ತಿಂಗಳಾಯ್ತು. ಅದೆಂತದ್ದು ಅಂತ ನನ್ನ ಮೊಬೈಲಿಗೂ ಕಳಿಸಿ.’

ಸಂಘದ ಸನ್ಮಾನ

ಪಕ್ಕದೂರು ಕಲ್ಯಾಣದ ನಮ್ಮ ಕನ್ನಡ ಸಂಘದ ತಿಂಗಳ ಕಾರ್ಯಕ್ರಮಕ್ಕೆ ಭಾಷಣಕಾರರು ಕೈಕೊಟ್ಟರು. ‘ನಿಮ್ಮದು ಎಂತದೋ ಸಂಗೀತ ಉಂಟಂತಲ್ಲ, ಅದನ್ನೇ ಹಾಕಿ’ ಎಂದರು ಕಾರ್ಯದರ್ಶಿ. ಜನ ಬಂದರು. ಗೋಳಿಬಜೆಯ ಪರಿಮಳಕ್ಕೆ ಬಂದರು ಎಂಬುದು ಬೇರೆ ಮಾತು.

ಸಂಘದಲ್ಲಿ ಸನ್ಮಾನ ಇಲ್ಲದೆ ಸಭೆ ಮುಗಿಯುವುದಿಲ್ಲ. ಭಾಷಣಕಾರರಿಗೆಂದು ತಂದ ಶಾಲು ಉಳಿದಿತ್ತು. ಅಧ್ಯಕ್ಷರು ಧಾರವಾಡದ ಕಡೆಯವರು. ‘ಹಾಡಿದವ್ರು ಎಲ್ಲೆ ಅದಾರ್ರೀ?’ ಎಂದು ಕೇಳಿದರು. ‘ವಿದೇಶದಲ್ಲಿ’ ಎಂದೆ. ‘ಹಂಗಂತ ಪದ್ಧತಿ ಬಿಡಾಕ ಆಕ್ಕೇತೇನು?’ ಎಂದವರೇ, ಹಾಡುತ್ತಿದ್ದ ಸ್ಪೀಕರಿಗೆ ಶಾಲು ಹೊದಿಸಿ, ಎದುರಿಗೆ ತೆಂಗಿನಕಾಯಿ ಇಟ್ಟು, ಕೈಮುಗಿದು ಫೋಟೋ ತೆಗೆಸಿಕೊಂಡರು. ದಪ್ಪ ಶಾಲು, ದನಿ ಅಡಗಿಹೋಯಿತು. ಅಧ್ಯಕ್ಷರು ಕಿವಿಗೊಟ್ಟು, ‘ಈಗ ಛಲೋ ಕೇಳಸ್ತದ ನೋಡ್ರಿ’ ಎಂದರು. ಸಭೆಯೇ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ.

ಬಜೆ ಮುಗಿದದ್ದೇ ಎಲ್ಲರೂ ಹೋದರು. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಉಳಿದರು. ಕೊನೆಯ ಹಾಡು ನಿಲ್ಲುವ ತನಕ ಅಲುಗಾಡಲಿಲ್ಲ. ಹತ್ತಿರ ಹೋಗಿ, ‘ಹೇಗಾಯ್ತು ಅಮ್ಮ?’ ಎಂದೆ.

‘ಹಾಡುವವನಿಗೆ ಮನೆಯಲ್ಲಿ ಯಾರೂ ಇಲ್ವಾ ಮಗ?’

‘ಯಾಕೆ ಅಮ್ಮ?’

‘ಸ್ವರ ಹೋಗಿದೆ, ಪಾಪ. ಯಾರಾದ್ರೂ ಇದ್ದಿದ್ರೆ ಹೇಳ್ತಿದ್ರು.’

ಮೊದಲ ದಿನವೇ ನನಗೂ ಹಾಗನಿಸಿತ್ತು. ಒಬ್ಬನೇ ಕೂತು ಒಪ್ಪಿಕೊಳ್ಳಲು ಧೈರ್ಯ ಸಾಲಲಿಲ್ಲ ಅಷ್ಟೆ. ‘ಹೌದಮ್ಮ, ಹೋಗಿದೆ’ ಎಂದೆ. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ.

‘ನನ್ನ ಮಗ ಬರ್ಲಿಕ್ಕೆ ಇನ್ನೂ ಹೊತ್ತುಂಟು. ಇನ್ನೊಮ್ಮೆ ಹಾಕು, ಕೇಳುವ’ ಎಂದರು.

ಖುಷಿಯಲ್ಲಿ ಎದ್ದು ಹೋಗಿ ಸ್ಪೀಕರಿನ ಶಾಲಿಗೆ ಕೈ ಹಾಕಿದೆ. ಅಜ್ಜಿ ಹಿಂದಿನಿಂದ ಗದರಿದರು:

‘ಅದನ್ನು ತೆಗೀಬೇಡ ಮಾರಾಯ, ಮೊದಲೇ ಶೀತ ಅವನಿಗೆ!’